ಅತ್ತೆ ಹೇಳಿದ ಏಳು

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಕಾರ್ಖಾನೆ ಇದೆ. ರಟ್ಟಿನ ಪೆಟ್ಟಿಗೆ ಮಾಡುತ್ತೇವೆ. ಸುತ್ತಮುತ್ತ ತಯಾರಾಗುವ ಪಂಪು, ಬೇರಿಂಗು, ಸ್ವಿಚ್ಚು ಎಲ್ಲವೂ ಕೊನೆಗೆ ಒಂದು ಪೆಟ್ಟಿಗೆಯೊಳಗೆ ಕೂರಲೇಬೇಕಲ್ಲ, ಆ ಪೆಟ್ಟಿಗೆ ನಮ್ಮದು. ಬಾಡಿಗೆ ಶೆಡ್ಡಿನಲ್ಲಿ ಒಂದು ಹಳೆಯ ಯಂತ್ರ ಇಟ್ಟುಕೊಂಡು ಶುರು ಮಾಡಿದವಳಿಗೆ ಈ ವ್ಯಾಪಾರ ಕಲಿಸಿದ ಮೊದಲ ಪಾಠ ಏನೆಂದರೆ, ಬಾಯಿಂದ ಬರುವ ಮೊದಲ ಅಂಕಿ ನಿಜದ್ದಾಗಿರಬಾರದು. ಎಷ್ಟು ದಿನಕ್ಕೆ ಮಾಲು ಕೊಡುತ್ತೀರಿ ಎಂದು ಕೇಳಿದರೆ, ನಾಲ್ಕು ದಿನ ಸಾಕಾಗುವುದಿದ್ದರೂ ಎಂಟು ಅನ್ನಬೇಕು. ಎದುರಿನವರು ಮೂರಕ್ಕೆ ಎಳೆಯುತ್ತಾರೆ. ಐದಕ್ಕೆ ಕುದುರುತ್ತದೆ. ನಾಲ್ಕನೇ ದಿನವೇ ಮಾಲು ಇಳಿಸಿ ಒಳ್ಳೆಯವಳು ಅನ್ನಿಸಿಕೊಳ್ಳಬೇಕು. ಇದನ್ನು ಸುಳ್ಳು ಎಂದು ನಾನು ಯಾವತ್ತೂ ತಿಳಿದಿರಲಿಲ್ಲ. ಈಗಲೂ ವ್ಯಾಪಾರದ ಮಟ್ಟಿಗೆ ಇದೇ ಸರಿ ಎಂದು ಯಾರಿಗೆ ಬೇಕಾದರೂ ಹೇಳಿಕೊಡುತ್ತೇನೆ.

ಆದರೆ ಇದೇ ಬುದ್ಧಿಯನ್ನು ನನ್ನ ಎದೆಯ ವಿಷಯದಲ್ಲೂ ಉಪಯೋಗಿಸಿ ಸಾಯುವ ಹತ್ತಿರ ಹೋಗಿದ್ದೆ. ನಲವತ್ತಾರನೇ ವಯಸ್ಸಿನಲ್ಲಿ, ಇಪ್ಪತ್ತೊಂದು ಕಿಲೋಮೀಟರ್ ಓಡಲು ತಯಾರಿ ಮಾಡಿಕೊಳ್ಳುತ್ತಿದ್ದಾಗ. ನೋವನ್ನು ಒಳಗೇ ಇಟ್ಟುಕೊಂಡು ಕಡಿಮೆ ಮಾಡಿ ಹೇಳುವವರು, ಅದರಲ್ಲೂ ಹೆಂಗಸರು, ನನ್ನ ಹಾಗೆ ಬಹಳ ಜನ ಇದ್ದಾರೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಬೆಳೆದದ್ದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್. ಅತ್ತೆ ಮಾಗಡಿ ಕಡೆಯವರು. ಅವರ ನಾಲಿಗೆಗೆ ಹಕಾರ ಇಲ್ಲ. ಹಾಲು ಆಲು, ಹೂವು ಊವು, ಹೇಳು ಏಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ತವರಿನ ನೆನಪಾಗಿ ಕಣ್ಣು ತುಂಬಿತ್ತು. ಅತ್ತೆ ನೋಡಿದವರೇ, "ಏಳವ್ವ," ಅಂದರು. ನಾನು ಎದ್ದು ನಿಂತೆ. "ಏಳೂ ಅಂದ್ರೆ ಎದ್ದು ನಿಂತ್ಕತೀಯಲ್ಲ, ಬಾಯ್ಬುಟ್ಟು ಏಳು!" ಅಂದರು. ನಾನು ಇನ್ನೂ ನೆಟ್ಟಗೆ ನಿಂತೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಆ ದಿನದಿಂದ ನಮ್ಮ ಮನೆಯಲ್ಲಿ ಅದೊಂದು ಮಾಮೂಲಿ ತಮಾಷೆ.

ಓಟದ ಹುಚ್ಚು ನನಗೆ ಕ್ವಾರ್ಟರ್ಸಿನದು. ಕಾರ್ಖಾನೆಯ ಮೈದಾನದಲ್ಲಿ ಸುತ್ತು ಹೊಡೆದು ಹೊಡೆದು, ಶಾಲೆಯಲ್ಲಿದ್ದಾಗ ಮೂರು ಸಾವಿರ ಮೀಟರಿನಲ್ಲಿ ನನ್ನ ಮುಂದೆ ಯಾರೂ ಇರುತ್ತಿರಲಿಲ್ಲ. ಇಪ್ಪತ್ತಕ್ಕೆ ಮದುವೆ. ಆಮೇಲೆ ಓಡಿದ್ದು ಬಸ್ಸಿನ ಹಿಂದೆ, ಪೇಮೆಂಟಿನ ಹಿಂದೆ. ಹೀಗೆ ಇಪ್ಪತ್ತಾರು ವರ್ಷ ಕಳೆದ ಮೇಲೆ, ನಾವು ಪೆಟ್ಟಿಗೆ ಕೊಡುವ ಒಂದು ದೊಡ್ಡ ಕಂಪನಿಯ ಖರೀದಿ ವಿಭಾಗದ ಮೂರ್ತಿ ಒಂದು ಬಣ್ಣದ ಕಾಗದವನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು.

"ಮೇಡಂ, ನಮ್ಮವರೆಲ್ಲ ಸೇರ್ಕೊಳ್ತಿದಾರೆ. ಲೇಡೀಸ್‌ಗೆ ಐದು ಕಿಲೋಮೀಟರ್ ವಾಕ್ ಇದೆ. ಟೀಶರ್ಟ್ ಫ್ರೀ."

"ಇದೇನ್ ಸಾರ್, ಇಪ್ಪತ್ತೊಂದು ಅಂತಾನೂ ಹಾಕಿದೆ?"

"ಅದು ಓಡೋರಿಗೆ ಮೇಡಂ."

ಆ ಮನುಷ್ಯ ಕೆಟ್ಟವರಲ್ಲ. ಆದರೆ 'ಓಡೋರಿಗೆ' ಅಂದ ಧಾಟಿ ಇದೆಯಲ್ಲ, ಅದು ಚುಚ್ಚಿತು. ಅಲ್ಲೇ ಪೆನ್ನು ತೆಗೆದು ಇಪ್ಪತ್ತೊಂದರ ಮುಂದೆ ಗುರುತು ಹಾಕಿದೆ.

ಓಡುವುದು ಎಲ್ಲಿ? ವಾರದ ದಿನ ಪೀಣ್ಯದ ರಸ್ತೆಯಲ್ಲಿ ಲಾರಿಗಳಿಗೇ ಜಾಗ ಇಲ್ಲ. ಆದರೆ ಭಾನುವಾರ ಬೆಳಿಗ್ಗೆ ನೋಡಬೇಕು. ಅರ್ಧಕ್ಕರ್ಧ ಶಟರ್ ಇಳಿದಿರುತ್ತದೆ, ಲೇತಿನ ಸದ್ದು ಇರುವುದಿಲ್ಲ, ಗಾಳಿಯಲ್ಲಿ ಎಣ್ಣೆಯ ವಾಸನೆ ಮಾತ್ರ ಉಳಿದಿರುತ್ತದೆ. ಮೆಟ್ರೋ ಹಾದಿಯ ಕೆಳಗೆ ಕಂಬಗಳಿಗೆ ನಂಬರು ಬರೆದಿದ್ದಾರಲ್ಲ, ಅದೇ ನನ್ನ ಅಳತೆಗೋಲು. ಹತ್ತು ಕಂಬ ಓಟ, ಐದು ಕಂಬ ನಡಿಗೆ. ದೇಹದ ಜೊತೆಗೂ ಚೌಕಾಸಿಯೇ. ಇನ್ನೆರಡು ಕಂಬ ಓಡು, ಆಮೇಲೆ ಬೇಕಾದಷ್ಟು ನಡಿ ಎಂದು ಆಸೆ ತೋರಿಸುವುದು, ಆ ಕಂಬ ಬಂದಾಗ ಮಾತು ತಪ್ಪುವುದು. ಇಪ್ಪತ್ತಾರು ವರ್ಷದ ಹಿಂದಿನ ಕಾಲುಗಳು ಎಲ್ಲೋ ಒಳಗೆ ಇದ್ದವು. ಎರಡು ತಿಂಗಳಲ್ಲಿ ಐದು ಕಿಲೋಮೀಟರಿಗೆ ಬಂದೆ. ಯಾರಾದರೂ ಕೇಳಿದರೆ ಎಂಟು ಅನ್ನುತ್ತಿದ್ದೆ. ಅಭ್ಯಾಸಬಲ.

ಮೂರನೇ ತಿಂಗಳಲ್ಲಿ ಹಲ್ಲು ನೋಯತೊಡಗಿತು. ಎಡಗಡೆ ಕೆಳದವಡೆ. ಏಳೆಂಟು ಕಂಬ ದಾಟಿದರೆ ಶುರುವಾಗುವುದು, ನಿಂತರೆ ಹೋಗುವುದು. ದಂತವೈದ್ಯರ ಬಳಿ ಹೋದೆ. ಹುಡುಕಿ ಹುಡುಕಿ, ಕುಟ್ಟಿ ನೋಡಿ, "ಹಲ್ಲೆಲ್ಲ ಗಟ್ಟಿ ಇದಾವಲ್ಲಮ್ಮ. ಊಟ ಮಾಡೋವಾಗ ನೋಯತ್ತಾ?" ಅಂದರು.

"ಇಲ್ಲ ಸಾರ್. ಓಡೋವಾಗ."

ಅವರು ಕೈಗವಸು ಬಿಚ್ಚಿ ನನ್ನ ಮುಖವನ್ನೇ ನೋಡಿದರು. "ಓಡೋವಾಗ ನೋಯೋ ಹಲ್ಲು ನಾನು ನೋಡಿಲ್ಲ. ನಾಳೆನೇ ಹೋಗಿ ಫಿಸಿಶಿಯನ್‌ಗೆ ತೋರಿಸಿ. ಒಂದು ಇಸಿಜಿ ಮಾಡಿಸಿ."

ನಾಳೆ ಎಂದರೆ ನನ್ನ ಲೆಕ್ಕದಲ್ಲಿ ಮುಂದಿನ ತಿಂಗಳು. ಹಬ್ಬದ ಮುಂಚಿನ ಆರ್ಡರುಗಳ ಕಾಲ. ಆಮೇಲೆ ಬೆನ್ನಿನಲ್ಲಿ, ಎರಡು ಭುಜದ ನಡುವೆ, ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಗ್ಯಾಸು ಎಂದುಕೊಂಡು ಜೀರಿಗೆ ಕಷಾಯ ಕುಡಿದೆ. ಯಜಮಾನರು ಕೇಳಿದರೆ, "ಸ್ವಲ್ಪ ಕಣ್ರೀ, ಒಂಚೂರು," ಅಂದೆ. ಅವರು ನಂಬಿದರು. ನಾನು ಬೆಲೆ ಹೇಳುವಾಗಲೂ ನನ್ನ ಮುಖ ಅಲ್ಲಾಡುವುದಿಲ್ಲ, ಅಂಥ ಮುಖ ನನ್ನದು.

ಇಲ್ಲೇ ಒಂದು ಮಾತು. ಹಲ್ಲಿನ ಡಾಕ್ಟರು ಹಲ್ಲು ಬಿಟ್ಟು ಬೇರೆ ಕಡೆ ತೋರಿಸಿ ಅಂದರೆ, ಕೈಗೆ ಬಂದ ಗಿರಾಕಿಯನ್ನು ಅವರು ಬಿಟ್ಟುಕೊಡುತ್ತಿದ್ದಾರೆ ಎಂದರ್ಥ. ವ್ಯಾಪಾರ ಗೊತ್ತಿದ್ದ ನನಗೆ ಅಷ್ಟಾದರೂ ಹೊಳೆಯಬೇಕಿತ್ತು. ಸುಮ್ಮನೆ ಯಾರೂ ಗಿರಾಕಿ ಬಿಡುವುದಿಲ್ಲ.

ಹಬ್ಬಕ್ಕೆ ಮುಂಚಿನ ಒಂದು ಭಾನುವಾರ ಯಜಮಾನರಿಗೆ ಮೊದಲ ಶಿಫ್ಟು. ಅವರ ಕಾರ್ಖಾನೆಯಲ್ಲಿ ಫೋನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ನಾನು ಆರು ಗಂಟೆಗೆ ಓಡಲು ಶುರು ಮಾಡಿದೆ. ಹನ್ನೆರಡನೇ ಕಂಬದ ಹತ್ತಿರ ಹೆಬ್ಬೆರಳು ಮುಷ್ಟಿಯಾಯಿತು. ನಿಂತೆ. ಈ ಸಲ ನಿಂತರೂ ಹೋಗಲಿಲ್ಲ. ಮೈಯೆಲ್ಲ ತಣ್ಣಗೆ ಬೆವರಿತು. ಮುಚ್ಚಿದ್ದ ಟೀ ಅಂಗಡಿಯ ಕಟ್ಟೆಯ ಮೇಲೆ ಕೂತು ಮನೆಗೆ ಫೋನು ಮಾಡಿದೆ.

"ಅತ್ತೆ, ಸ್ವಲ್ಪ ಸುಸ್ತು. ಪಕ್ಕದ ಮನೆ ಆಟೋ ಕಳಿಸ್ತೀರಾ?"

ಆಟೋ ಬಂದಾಗ ಅದರಲ್ಲಿ ಅತ್ತೆಯೂ ಇದ್ದರು. ಮನೆಯಲ್ಲಿ ಉಡುವ ಸೀರೆಯಲ್ಲೇ ಬಂದಿದ್ದರು, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ನನ್ನನ್ನು ನೋಡಿದವರೇ ಆಟೋದವನಿಗೆ, "ಮನೆ ಬ್ಯಾಡ, ಆಸ್ಪತ್ರೆಗೆ ಒಡಿ," ಅಂದರು. ದಾರಿಯುದ್ದಕ್ಕೂ ನಾನು ದುಪಟ್ಟದ ತುದಿ ಕಚ್ಚಿಕೊಂಡಿದ್ದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ತುಮಕೂರು ರಸ್ತೆಯ ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಜಾತ್ರೆಯಷ್ಟು ಜನ. ಬೈಕಿನಿಂದ ಬಿದ್ದವರು, ಜ್ವರದ ಮಕ್ಕಳು. ಒಂದು ಕುರ್ಚಿ ಸಿಕ್ಕಿತು. ಕೇರಳದ ನರ್ಸ್ ಒಬ್ಬಳು ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದು ಬಂದಳು. ಅವಳ ಹೆಸರು ಲಿಜಿ, ಆಮೇಲೆ ಗೊತ್ತಾಯಿತು. ಕನ್ನಡ ಕಲಿತು ಒಂದು ವರ್ಷವಂತೆ. ಅಕ್ಷರ ಅಕ್ಷರ ಬಿಡಿಸಿ ಮಾತಾಡುತ್ತಿದ್ದಳು.

"ನೋವು ಎಷ್ಟು ಇದೆ, ಮೇಡಂ? ಒಂದರಿಂದ ಹತ್ತು. ಹತ್ತು ಅಂದ್ರೆ ತುಂಬಾ ಜಾಸ್ತಿ."

ನೋಡಿ, ಎದೆಯನ್ನು ಯಾರೋ ಹಿಂಡುತ್ತಿದ್ದಾರೆ, ಬೆವರು ಇಳಿಯುತ್ತಿದೆ, ಆಗಲೂ ನನ್ನ ತಲೆ ಏನು ಯೋಚಿಸಿತು? ದೊಡ್ಡ ಅಂಕಿ ಹೇಳಿದರೆ ಇವರು ಹಿಡಿದು ಮಲಗಿಸುತ್ತಾರೆ. ಸಣ್ಣದರಿಂದ ಶುರು ಮಾಡೋಣ, ಬೇಕಾದರೆ ಏರಿಸಬಹುದು.

"ಎರಡು," ಅಂದೆ. ಅವಳ ಮುಖ ನೋಡಿ, "ಎರಡೂವರೆ."

ಅತ್ತೆ ಸಿಡಿದರು. "ಏಳು! ದಿಟ ಏಳು! ಏಳೂ ಅಂತೀನಿ!"

ಲಿಜಿ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹಾಳೆಯ ಮೇಲೆ 7 ಎಂದು ಬರೆದು ಸುತ್ತ ಒಂದು ವೃತ್ತ ಹಾಕಿದಳು. "ಅಮ್ಮ ಏಳು ಹೇಳ್ತಾರೆ," ಅಂದಳು.

ತಪ್ಪು ತಿದ್ದಲು ಬಾಯಿ ತೆರೆದೆ. ಇಲ್ಲಮ್ಮ, ಅವರು ಅಂಕಿ ಹೇಳಿದ್ದಲ್ಲ, ನಿಜ ಹೇಳು ಅಂತ ನನಗೆ ಬೈದದ್ದು ಅನ್ನಬೇಕಿತ್ತು. ಅನ್ನಲಿಲ್ಲ. ಏಕೆಂದರೆ ಆ ಕ್ಷಣದಲ್ಲಿ ಮೊದಲ ಸಲ ನನ್ನೊಳಗೆ ನಾನೇ ಅಳೆದು ನೋಡಿದೆ. ಆರಲ್ಲ, ಎಂಟಲ್ಲ. ಸರಿಯಾಗಿ ಏಳೇ ಇತ್ತು.

ಕುರ್ಚಿಯಿಂದ ಎಬ್ಬಿಸಿ ಮಂಚಕ್ಕೆ ಹಾಕಿದರು. ಎದೆಗೆ ತಣ್ಣನೆಯ ಬಟ್ಟಲುಗಳನ್ನು ಅಂಟಿಸಿದರು. ಯಂತ್ರದಿಂದ ಕಾಗದ ಹೊರಬರುತ್ತಿದ್ದಂತೆ ಒಬ್ಬರು ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು ಕರೆದರು. ಜನ ಜಾಸ್ತಿಯಾಗುತ್ತಾ ಮಾತು ಕಡಿಮೆಯಾಯಿತು. ಅಷ್ಟರಲ್ಲೇ ನನಗೆ ಅರ್ಥವಾಯಿತು. ಖರೀದಿಯವರು ಮಾತು ನಿಲ್ಲಿಸಿದರೆ ನಿರ್ಧಾರ ಆಗಿಹೋಗಿದೆ ಅಂತಲೇ ಲೆಕ್ಕ.

ಹೃದಯದ ಡಾಕ್ಟರಮ್ಮ ಬಂದರು. ನನ್ನದೇ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. "ಹೃದಯಕ್ಕೆ ಹೋಗೋ ಒಂದು ರಕ್ತನಾಳ ಕಟ್ಕೊಂಡಿದೆ. ಈಗಲೇ ಆಂಜಿಯೋಗ್ರಾಂ ಮಾಡಿ, ಬೇಕಾದ್ರೆ ಸ್ಟೆಂಟ್ ಹಾಕ್ತೀವಿ."

"ಮೇಡಂ, ಒಂದು ವಾರ ಮಾತ್ರೆ ಕೊಟ್ಟು ನೋಡಬಹುದಾ? ಬುಧವಾರ ನಂದು ಒಂದು ಲೋಡ್ ಹೋಗ್ಬೇಕು."

"ಇದು ಕೊಟೇಶನ್ ಅಲ್ಲಮ್ಮ," ಅಂದರು. ಬೈದ ಹಾಗಿರಲಿಲ್ಲ, ಸುಸ್ತಾದವರ ದನಿ. "ನಿಮ್ಮ ಹತ್ರ ವಾರ ಇಲ್ಲ. ಗಂಟೆ ಇದೆ."

ನನ್ನ ಬದುಕಿನಲ್ಲಿ ಯಾರೂ ನನ್ನ ಜೊತೆಗಿನ ಚೌಕಾಸಿಯನ್ನು ಇಷ್ಟು ಬೇಗ ಮುಗಿಸಿರಲಿಲ್ಲ.

ಬಳೆ, ತಾಳಿ ಬಿಚ್ಚಿಸಿದರು. ಅತ್ತೆ ಅದನ್ನೆಲ್ಲ ಸೆರಗಿನ ತುದಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಹಿ ಹಾಕಲು ಯಜಮಾನರಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿದರು. ಒತ್ತುವ ಮುಂಚೆ ನನ್ನ ಕಡೆ ತಿರುಗಿ, "ಒತ್ಲಾ?" ಅಂದರು. ಮೂವತ್ತು ಸಲ ಓದಿ ಸಹಿ ಹಾಕುವ ಸೊಸೆಯ ಒಪ್ಪಿಗೆ ಕೇಳದೆ ಅವರು ಯಾವ ಕಾಗದವನ್ನೂ ಮುಟ್ಟುತ್ತಿರಲಿಲ್ಲ. ನಾನು ತಲೆ ಆಡಿಸಿದೆ. ಆ ಕಾಗದದಲ್ಲಿ ಏನಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಒಳಗೆ ನಡೆದದ್ದನ್ನು ಹೇಳಲು ಹೆಚ್ಚಿಲ್ಲ. ಎಚ್ಚರವಿತ್ತು. ಬಹಳ ಚಳಿ. ಯಾರೋ ಒಬ್ಬರು ಕಾಲಿಗೆ ಇನ್ನೊಂದು ಹೊದಿಕೆ ಹಾಕಿದರು. ನಾನು ಕೇಳಿರಲಿಲ್ಲ. ಕೇಳದೆ ಸಿಕ್ಕಿದ ಆ ಹೊದಿಕೆಯನ್ನು ಇವತ್ತಿಗೂ ಮರೆತಿಲ್ಲ.

ಹೊರಗೆ ಬಂದಾಗ ಯಜಮಾನರು ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಇದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ನನ್ನ ಓಟದ ಬೂಟು. ಯಾರೋ ಕೈಗೆ ಕೊಟ್ಟದ್ದನ್ನು ಕೆಳಗಿಡದೆ ಹಿಡಿದುಕೊಂಡೇ ಕೂತಿದ್ದರಂತೆ. "ಸ್ವಲ್ಪ ಅಂದಿದ್ದೆಯಲ್ಲ," ಅಂದರು. ಅಷ್ಟೇ. ಅವರು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರನೇ ದಿನ ವಾರ್ಡಿನಲ್ಲಿ ಲಿಜಿ ಮಾತ್ರೆ ಕೊಡಲು ಬಂದಾಗ ನಡೆದದ್ದನ್ನು ಹೇಳಿದೆ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹಾಳೆಯ ಮೇಲೆ ಹೇಳು, ಏಳು ಎರಡನ್ನೂ ಬರೆದು ತೋರಿಸಿದೆ. ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆಗೆ ಮಾತ್ರ ನಗು ಬರಲಿಲ್ಲ.

"ನಾನ್ಯಾವಾಗ ಲೆಕ್ಕ ಏಳ್ದೆ? ನಿಂಗೆ ಏಳು ಅಂದೆ. ನೀನು ಏಳ್ನಿಲ್ಲ. ಆ ಮಗ ಬರಕಂತು."

ನಾನು ನಕ್ಕಿದ್ದಕ್ಕೆ ಎದೆ ನೋಯಿತು. ಅತ್ತೆ ತಕ್ಷಣ, "ನಗಬ್ಯಾಡ, ನಗಬ್ಯಾಡ," ಎಂದು ನನ್ನ ಬಾಯಿಗೇ ಕೈ ಅಡ್ಡ ಹಿಡಿದರು.

ಎರಡು ಅಂತಲೇ ಬರೆದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳುವವರಲ್ಲ. "ನಿಮ್ಮ ಬೆವರು ನೋಡಿದ್ರೆ ಇಸಿಜಿ ಹೇಗೂ ಮಾಡ್ತಿದ್ರು. ಆದ್ರೆ ಅವತ್ತಿನ ರಶ್ಶಲ್ಲಿ ಎರಡು ಅಂದೋರು ಎಷ್ಟು ಹೊತ್ತು ಆ ಕುರ್ಚಿ ಮೇಲೇ ಇರ್ತಿದ್ರೋ ನಾನು ಹೇಳಲಾರೆ. ನಿಮ್ಮ ಅತ್ತೆ ಬಾಯಲ್ಲಿ ಹ ಬರದೇ ಇದ್ದಿದ್ದು ಒಳ್ಳೇದಾಯ್ತು." ಆಮೇಲೆ ಕನ್ನಡಕ ತೆಗೆದು ಹೇಳಿದ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. "ನೀವು ಹೇಳೋ ಅಂಕಿ ನೋಡಿ ನಾನು ಔಷಧಿ ಬರಿಯೋದು. ನೀವು ಸುಳ್ಳು ಅಂಕಿ ಹೇಳಿದ್ರೆ ನಾನು ಇಲ್ಲದಿರೋ ಕಾಯಿಲೆಗೆ ಮದ್ದು ಕೊಡ್ತೀನಿ. ಇರೋ ಕಾಯಿಲೆ ನಿಮ್ಮ ಹತ್ರಾನೇ ಉಳಿಯುತ್ತೆ."

ಮನೆಗೆ ಬಂದೆ. ಕಾಯಿಲೆಗಿಂತ ಕಷ್ಟದ ದಿನಗಳು ಆಮೇಲಿನವು, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ನೆಂಟರು ಸೇಬು ಹಿಡಿದು ಬಂದು, "ಈ ವಯಸ್ಸಲ್ಲಿ ಓಟ ಬೇಕಿತ್ತಾ? ಓಡಿದ್ದಕ್ಕೇ ಹಿಂಗಾಯ್ತು," ಅನ್ನುತ್ತಿದ್ದರು. ಓಟದಿಂದ ರಕ್ತನಾಳ ಕಟ್ಟಿಕೊಂಡದ್ದಲ್ಲ, ಮೊದಲೇ ಕಟ್ಟಿಕೊಂಡಿದ್ದನ್ನು ಓಟ ತೋರಿಸಿಕೊಟ್ಟಿತು ಎಂದು ಡಾಕ್ಟರಮ್ಮ ಹೇಳಿದ್ದರೂ, ಒಳಗೊಳಗೇ ನಾನೂ ನೆಂಟರ ಕಡೆಯೇ ಇದ್ದೆ. ಮೆಟ್ಟಿಲು ಹತ್ತಿ ಎದೆ ಹೊಡೆದುಕೊಂಡರೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಹತ್ತು ಟನ್ನಿನ ಲಾರಿಗೆ ಅಡ್ಡ ನಿಂತು ಡ್ರೈವರಿನ ಜೊತೆ ಜಗಳವಾಡಿದ ಹೆಂಗಸು ನಾನು, ನನ್ನ ಎದೆಯ ಬಡಿತಕ್ಕೇ ಹೆದರುತ್ತಿದ್ದೆ. ಕಾರ್ಖಾನೆಗೆ ಹೋದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರಮ್ಮ ದಿನಾ ನಡೆಯಿರಿ ಎಂದು ಬರೆದುಕೊಟ್ಟಿದ್ದ ಚೀಟಿ ಫ್ರಿಜ್ಜಿನ ಮೇಲೆ ಅಂಟಿಕೊಂಡೇ ಇತ್ತು. ಯಜಮಾನರು ಬೂಟನ್ನು ಅಟ್ಟಕ್ಕೆ ಹಾಕಿದ್ದರು. ಬೇಡ ಎಂದೂ ನಾನು ಅನ್ನಲಿಲ್ಲ.

ಎರಡು ತಿಂಗಳು ಹೀಗೇ ಹೋಯಿತು. ಒಂದು ಭಾನುವಾರ ಬೆಳಗಾಗುವ ಹೊತ್ತಿಗೆ ಅತ್ತೆ ಬಂದು ನನ್ನ ಹೊದಿಕೆ ಎಳೆದರು.

"ಏಳು."

"ಏನ್ ಹೇಳ್ಲಿ ಅತ್ತೆ?"

"ಏಳಾದಲ್ಲ. ಎದ್ದೇಳು!"

ಅವರ ಕೈಯಲ್ಲಿ ನನ್ನ ಬೂಟು ಇತ್ತು. ಎಪ್ಪತ್ತು ದಾಟಿದ ಹೆಂಗಸು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದ್ದರು. ಯಜಮಾನರು ಎದ್ದು, "ಅವ್ವಾ, ನಿಂಗೇನ್ ತಲೆ ಕೆಟ್ಟಿದ್ಯಾ? ಇವಳನ್ನ ಸಾಯಿಸ್ಬೇಕಾ?" ಅಂದರು.

"ಕೂತ್ರೆ ಕೂತೇ ಓಯ್ತಾಳೆ ಕಣ್ಲಾ," ಅಂದರು ಅತ್ತೆ. "ನಿಮ್ಮಪ್ಪ ಇಂಗೇ ಕೂತ. ಡಾಕುಟ್ರು ನಡಿ ಅಂದಿದ್ರು. ನಾನೇ ಬ್ಯಾಡ ಅಂತ ಕೂರುಸ್ದೆ. ಆಮೇಕೆ ಎದ್ನಾ?"

ಮಾವ ಹೋಗಿ ಹದಿನಾಲ್ಕು ವರ್ಷ. ಅತ್ತೆ ಅದನ್ನು ಹೀಗೆ ತಮ್ಮ ಮೇಲೆ ಹಾಕಿಕೊಂಡು ಬದುಕುತ್ತಿದ್ದರು ಎಂದು ಮಗನಿಗೂ ಗೊತ್ತಿರಲಿಲ್ಲ. ಯಜಮಾನರು ಬಗ್ಗಿ ನನ್ನ ಬೂಟಿನ ಧೂಳು ಒರೆಸಿದರು.

ಮಾರನೇ ದಿನವೇ ಹೋಗಿ ಡಾಕ್ಟರಮ್ಮನ ಮುಂದೆ ಕೂತೆ. ಅವರು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿ ಒಂದು ನಿಯಮ ಹಾಕಿದರು. ಆಯಾಸಕ್ಕೆ ಹತ್ತರಲ್ಲಿ ಅಂಕಿ ಕೊಡಬೇಕು. ಆರರ ತನಕ ಪರವಾಗಿಲ್ಲ. ಏಳು ಮುಟ್ಟಿದರೆ ನಿಧಾನ ಮಾಡಬೇಕು, ಮಾಡಿದರೂ ಇಳಿಯದಿದ್ದರೆ ನಿಲ್ಲಬೇಕು. ಎದೆಯಲ್ಲೋ ದವಡೆಯಲ್ಲೋ ಹಿಡಿತ ಬಂದರಂತೂ ಅಂಕಿ ಗಿಂಕಿ ಇಲ್ಲ, ಅಲ್ಲೇ ನಿಂತು ಆಸ್ಪತ್ರೆ. "ಇದರಲ್ಲಿ ಡಿಸ್ಕೌಂಟ್ ಇಲ್ಲ," ಅಂದರು. ನನ್ನನ್ನು ಚೆನ್ನಾಗಿ ಅರಿತಿದ್ದರು.

ಆಮೇಲೆ ನಮ್ಮ ಭಾನುವಾರಗಳು ಹೀಗೆ. ಅದೇ ಟೀ ಅಂಗಡಿಯ ಮುಂದೆ ಅತ್ತೆ ಮನೆಯಿಂದ ತಂದ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುವುದು. ನಾನು ಕಂಬ ಎಣಿಸಿಕೊಂಡು ಹೋಗಿ ತಿರುಗಿ ಬರುವುದು. ಪ್ರತಿ ಸುತ್ತಿಗೂ ಅವರು, "ಏಳು," ಅನ್ನುವುದು. ನಾನು ಅಂಕಿ ಹೇಳುವುದು. ನಾನು ಎಷ್ಟೇ ಬೆವರಿ ಬಂದರೂ ಆ ಸ್ಟೂಲನ್ನು ಅವರು ಬಿಟ್ಟುಕೊಟ್ಟವರಲ್ಲ. "ನನ್ ಮಂಡಿ ನೋವು ಎಂಟು," ಅನ್ನುತ್ತಿದ್ದರು.

ಮೊದಮೊದಲು ಕಷ್ಟವಾಯಿತು. ಓಡುವುದಲ್ಲ, ಹೇಳುವುದು. ಒಂದು ದಿನ ಏಳು ಇದ್ದಾಗ "ನಾಲ್ಕು," ಅಂದೆ. ಅತ್ತೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡಿದರು, ಅವತ್ತು ಆಟೋದಲ್ಲಿ ನೋಡಿದ ಹಾಗೆ.

"ನನ್ತಾವ ಯಾಪಾರ ಮಾಡಬ್ಯಾಡ ಕಣವ್ವ. ಆ ಮೂರ್ತಿತಾವ ಮಾಡು. ನೀ ಸತ್ರೆ ಅವ್ನೇನು ಸುಡಾಕೆ ಬರಾಕಿಲ್ಲ."

ಟೀ ಅಂಗಡಿಯವನು ಲೋಟ ತೊಳೆಯುತ್ತಿದ್ದವನು ತಲೆ ಎತ್ತಿದ. ನಾನು ತಲೆ ತಗ್ಗಿಸಿ, "ಏಳು," ಅಂದೆ. ಅವತ್ತಿನ ಓಟ ಅಷ್ಟಕ್ಕೇ ಮುಗಿಯಿತು.

ಓದುವವರಿಗೆ ನನ್ನದೊಂದು ಸಲಹೆ. ಕೇಳದಿದ್ದರೂ ಕೊಡುತ್ತೇನೆ, ನನ್ನ ಸ್ವಭಾವ. ನಿಮ್ಮ ನೋವಿನ ನಿಜವಾದ ಅಂಕಿಯನ್ನು ಹೇಳಲು ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಕನಿಕರ ಪಡುವವರು ಬೇಡ. ಕನಿಕರದವರ ಮುಂದೆ ನಾವು ಕಡಿಮೆ ಮಾಡಿ ಹೇಳುತ್ತೇವೆ, ಪಾಪ ಹೆದರುತ್ತಾರೆ ಎಂದು. ನಿಮ್ಮ ಮುಖ ಓದಬಲ್ಲ, ಸ್ವಲ್ಪ ಬೈಗುಳದ ಬಾಯಿಯ ಮನುಷ್ಯರೇ ಆಗಬೇಕು. ಮತ್ತೆ, ಆಸ್ಪತ್ರೆಗೆ ಒಬ್ಬರೇ ಹೋಗಬೇಡಿ.

ಒಂದೂವರೆ ವರ್ಷ ಹಿಡಿಯಿತು. ಐದು, ಎಂಟು, ಹನ್ನೆರಡು. ಈ ಸಲ ನಿಜವಾದ ಎಂಟು, ನಿಜವಾದ ಹನ್ನೆರಡು. ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, ನಿಯಮ ನೆನಪಿಸಿ, ಹೋಗಿ ಬನ್ನಿ ಅಂದರು. ಮತ್ತೆ ಇಪ್ಪತ್ತೊಂದಕ್ಕೇ ಸೇರುತ್ತಿದ್ದೇನೆ ಎಂದು ಮೂರ್ತಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತು ಕೈ ಕುಲುಕಿದರು. "ಮೇಡಂ, ಮುಗಿಸಿ ಬಂದು ಪದಕ ತೋರಿಸ್ಬೇಕು," ಅಂದರು. ತೋರಿಸುತ್ತೇನೆ ಅಂದೆ. ಆ ಪದಕ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕಾರ್ಖಾನೆಯಲ್ಲಿ ನನ್ನ ಮೇಜಿನ ಹಿಂದೆ ಅದಕ್ಕೊಂದು ಮೊಳೆಯನ್ನೂ ಹೊಡೆಸಿಟ್ಟಿದ್ದೆ.

ಓಟ ಇದ್ದದ್ದು ವೈಟ್‌ಫೀಲ್ಡ್ ಕಡೆ. ಬೆಳಕು ಹರಿಯುವಾಗ ಸಾವಿರಾರು ಜನರ ನಡುವೆ ನಿಂತು, ಶಾಲೆಯ ದಿನಗಳ ಹಾಗೆ ಬೂಟಿನ ದಾರವನ್ನು ಎರಡೆರಡು ಸಲ ಬಿಗಿದುಕೊಂಡೆ. ಯಜಮಾನರು, ಅತ್ತೆ ಹದಿನಾಲ್ಕನೇ ಕಿಲೋಮೀಟರಿನ ಫಲಕದ ಹತ್ತಿರ ನಿಲ್ಲುವುದು ಎಂದು ಮೊದಲೇ ಮಾತಾಗಿತ್ತು. ಹತ್ತನೇ ಕಿಲೋಮೀಟರಿನ ತನಕ ನನ್ನ ಆಯಾಸದ ಅಂಕಿ ಐದು. ಗಾಜಿನ ಕಟ್ಟಡಗಳ ಮೇಲೆ ಬಿಸಿಲು ಬಿದ್ದು ರಸ್ತೆಗೇ ವಾಪಸ್ಸು ಹೊಡೆಯತೊಡಗಿತು. ಹನ್ನೊಂದಕ್ಕೆ ಆರು. ಹನ್ನೆರಡೂವರೆಗೆ ಏಳು. ನಿಯಮದ ಪ್ರಕಾರ ನಡೆದೆ. ಇಳಿಯಲಿಲ್ಲ. ಇನ್ನೂ ನಿಧಾನವಾಗಿ ನಡೆದೆ. ಎದೆಯಲ್ಲಿ ಹಿಡಿತ ಇರಲಿಲ್ಲ, ದವಡೆ ನೋವಿರಲಿಲ್ಲ. ಬರೀ ಮೈ ಭಾರ, ತಲೆ ಹಗುರ. ಅಂಕಿ ಮಾತ್ರ ಏಳರಿಂದ ಕದಲಲಿಲ್ಲ.

ಗಾಬರಿಯಾಗಬೇಡಿ. ಆಮೇಲೆ ಅಲ್ಲಿನ ವೈದ್ಯರ ಟೆಂಟಿನಲ್ಲೂ, ಮಾರನೇ ದಿನ ಡಾಕ್ಟರಮ್ಮನ ಬಳಿಯೂ ನೋಡಿದರು. ಹೃದಯದ್ದೇನೂ ಇರಲಿಲ್ಲ. ಬಿಸಿಲು, ನೀರು ಸಾಲದೆ ಹೋದದ್ದು. ಆದರೆ ನಿಂತದ್ದೇ ಸರಿ, ಮುಂದೆ ಹೋಗಿದ್ದರೆ ಏನಾಗುತ್ತಿತ್ತೋ ಎಂದರು. ಇವತ್ತಿಗೂ ಭಾನುವಾರ ಓಡುತ್ತೇನೆ. ಮೊಳೆಗೆ ಈಗ ಗೋದಾಮಿನ ಬೀಗದ ಕೈ ನೇತುಹಾಕಿದ್ದೇನೆ. ಮೂರ್ತಿ ಪದಕ ಎಲ್ಲಿ ಎಂದು ಕೇಳಿದಾಗ, "ಹದಿನಾಲ್ಕು ಓಡಿದೆ ಸಾರ್, ಇಪ್ಪತ್ತೊಂದಲ್ಲ," ಅಂದೆ. ಅವರು, "ನಿಮ್ಮ ಬಾಯಿಂದ ಕಮ್ಮಿ ಅಂಕಿ ಇವತ್ತೇ ಕೇಳ್ತಿರೋದು ಮೇಡಂ," ಅಂದರು.

ಇದೆಲ್ಲ ಆಮೇಲಿನದು. ಅವತ್ತು ಆ ರಸ್ತೆಯಲ್ಲಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ದೂರದಲ್ಲಿ ಹದಿನಾಲ್ಕರ ಫಲಕ ಕಾಣುತ್ತಿತ್ತು. ಅದರ ಕೆಳಗೆ ಮಜ್ಜಿಗೆ ಬಾಟಲಿ ಹಿಡಿದು ನಿಂತ ಯಜಮಾನರು, ಪಕ್ಕದಲ್ಲಿ ಮನೆಯಿಂದ ಇಲ್ಲಿಯ ತನಕ ಹೊತ್ತು ತಂದ ಅದೇ ಸ್ಟೂಲಿನ ಮೇಲೆ ಅತ್ತೆ. ಇನ್ನು ಏಳು ಕಿಲೋಮೀಟರ್. ನಡೆದುಕೊಂಡೇ ಹೋದರೂ ಮುಗಿಸಬಹುದು. ಎದೆ ನೋಯುತ್ತಿಲ್ಲ, ಹಾಗಿದ್ದ ಮೇಲೆ ಏನಾಗುತ್ತದೆ? ಆರು ಅಂದರೆ ಸಾಕು. ಒಂದೇ ಒಂದು ಅಂಕಿಯ ವ್ಯತ್ಯಾಸ. ಆರೂವರೆ ಅನ್ನಬಹುದು, ಅದರಲ್ಲಿ ಅರ್ಧ ನಿಜ ಇರುತ್ತದೆ. ಕೈ ಬೀಸಿ ನಕ್ಕು ನಿಲ್ಲದೆ ದಾಟಿಬಿಡಬಹುದು. ಮುಖ ಅಲ್ಲಾಡದ ಹಾಗೆ ನೋಡಿಕೊಳ್ಳುವುದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ.

ದಾರಿಯುದ್ದಕ್ಕೂ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಬಂದೆ. ಫಲಕದ ಹತ್ತಿರ ಬಂದಾಗ ಕೈ ಎತ್ತಿದೆ, ನಗು ತಂದುಕೊಂಡೆ. ಯಜಮಾನರು ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ. ನನ್ನ ಬಾಯಿ ನೋಡುತ್ತಿದ್ದರು.

"ಏಳು," ಅಂದರು.

ನಾನು ನಿಂತೆ. ಪಕ್ಕದಲ್ಲಿ ಜನ ಓಡಿ ಹೋಗುತ್ತಿದ್ದರು.

"ಏಳು, ಅತ್ತೆ," ಅಂದೆ.

ಯಜಮಾನರಿಗೆ ಅರ್ಥವಾಗಲಿಲ್ಲ, ಇಬ್ಬರ ಮುಖವನ್ನೂ ನೋಡಿದರು. ಅತ್ತೆ ಮಂಡಿಯ ಮೇಲೆ ಕೈಯೂರಿ, ಮೆಲ್ಲಗೆ, ತಾವೇ ಎದ್ದರು. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

"ಅಂಗಾದ್ರೆ ಕೂತ್ಕ," ಅಂದರು.